ಎನ್‌ಟಿಪಿ ಜಾಡು ಹಿಡಿಯುವವರ ಗಮನಕ್ಕೆ

ಗ್ರಾಹಕರ ಜಾಲದ ಭದ್ರತಾ ಪರೀಕ್ಷೆಯಲ್ಲಿ ಟೈಮ್ ಸರ್ವರ್ (ಎನ್‌ಟಿಪಿ ಎಂಬ ಪ್ರೋಟೋಕಾಲ್ ಮೂಲಕ ಇತರ ಯಂತ್ರಗಳಿಗೆ ಸಮಯ ತಿಳಿಸುವ ಸರ್ವರ್) ಹುಡುಕುವ ಮೊದಲು ಅವರ ಲಿಖಿತ ಅನುಮತಿಯಲ್ಲಿರುವ ಐಪಿ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಸಮಯದ ಮೂಲ ಹುಡುಕುವ ಎನ್‌ಟಿಪಿಟ್ರೇಸ್ ಉಪಕರಣ ಸ್ಟ್ರೇಟಮ್ 1ರ (ಮೂಲ ಗಡಿಯಾರಕ್ಕೆ ನೇರ ಜೋಡಿಸಿದ ಮೇಲ್ತುದಿಯ ಸರ್ವರ್) ತನಕ ಒಂದೊಂದೇ ಸರ್ವರ್ ಹತ್ತುತ್ತಾ ಹೋಗುತ್ತದೆ. ಎರಡನೇ ಹೆಜ್ಜೆಗೇ ಗ್ರಾಹಕರ ಜಾಲ ದಾಟಿ ಬೇರೆಯವರ ಸರ್ವರ್ ಮುಟ್ಟಿರಬಹುದು. ಮೈನಸ್ ಎಂ (-m) ಆಯ್ಕೆ ಕೊಟ್ಟು ಎಷ್ಟು ಸರ್ವರ್ ಹತ್ತಬೇಕೆಂಬ ಮಿತಿ ಹಾಕಿ.

ಮೊದಲು ಎನ್‌ಟಿಪಿ ಬಳಸುವ ಯುಡಿಪಿ 123 ಪೋರ್ಟ್ ಸ್ಕ್ಯಾನ್. ಸ್ಕ್ಯಾನ್ ಉಪಕರಣ ಎನ್‌ಮ್ಯಾಪ್ 'ಓಪನ್ ಅಥವಾ ಫಿಲ್ಟರ್ಡ್' ಎಂದರೆ ಉತ್ತರ ಬಂದಿಲ್ಲ ಎಂದಷ್ಟೇ ಅರ್ಥ, ವರದಿಯಲ್ಲಿ ಓಪನ್ ಎಂದು ಬರೆಯಬೇಡಿ.

ಟ್ರೇಸ್ ಟೈಮ್‌ಔಟ್ ಆದರೆ ಸರ್ವರ್ ಸತ್ತಿದೆ ಎಂದುಕೊಳ್ಳಬೇಡಿ. ಟ್ರೇಸ್ ಕೇಳುವುದು ಮೋಡ್ 6ರಲ್ಲಿ, ಅಂದರೆ ಸರ್ವರ್‌ನ ಸ್ಥಿತಿ ಕೇಳುವ ಎನ್‌ಟಿಪಿ ಸಂದೇಶದಲ್ಲಿ. ಸರ್ವರ್‌ನಲ್ಲಿ ಇಂಥ ಪ್ರಶ್ನೆ ತಡೆಯುವ 'ನೋಕ್ವೆರಿ' ಸೆಟ್ಟಿಂಗ್ ಹಾಕಿದ್ದರೆ ಅದಕ್ಕೆ ಉತ್ತರವಿಲ್ಲ, ಕ್ರೋನಿ ಎಂಬ ಇನ್ನೊಂದು ಎನ್‌ಟಿಪಿ ತಂತ್ರಾಂಶವಂತೂ ಮೋಡ್ 6ಕ್ಕೆ ಉತ್ತರಿಸುವುದೇ ಇಲ್ಲ. ಆಗ ಸಮಯ ಕೇಳುವ ಮಾಮೂಲಿ ಮೋಡ್ 3 ವಿನಂತಿ ಕಳಿಸಿ, ಬಂದ ಉತ್ತರದಲ್ಲಿ ರೆಫರೆನ್ಸ್ ಐಡಿ (ಸರ್ವರ್ ತನ್ನ ಸಮಯದ ಮೂಲವನ್ನು ಸೂಚಿಸುವ ಭಾಗ) ನೋಡಿ. ಸ್ಟ್ರೇಟಮ್ 2 ಮತ್ತು ಅದಕ್ಕೂ ಕೆಳಗಿನ ಸರ್ವರ್‌ಗಳಲ್ಲಿ ಅದು ಸಾಮಾನ್ಯವಾಗಿ ಮೇಲಿನ ಸರ್ವರ್‌ನ ಐಪಿವಿ4 ವಿಳಾಸ. ಮೇಲಿನದು ಐಪಿವಿ6 ಆಗಿದ್ದರೆ ಮಾತ್ರ ಅದು ವಿಳಾಸದ ಎಂಡಿ5 ಹ್ಯಾಶ್‌ನ (ವಿಳಾಸದಿಂದ ಲೆಕ್ಕ ಹಾಕಿದ ಗುರುತುಸಂಖ್ಯೆ) ಮೊದಲ 4 ಬೈಟ್. ಈ ಹ್ಯಾಶ್ ತುಣುಕನ್ನು ಐಪಿ ಎಂದು ಓದಿ ಸಂಬಂಧವಿಲ್ಲದವರ ಯಂತ್ರ ಸ್ಕ್ಯಾನ್ ಮಾಡುವ ಅಪಾಯ ನಿಜಕ್ಕೂ ಇದೆ.

ಹಳೆಯ ಸರ್ವರ್ ಮಾನ್‌ಲಿಸ್ಟ್‌ಗೆ (ಇತ್ತೀಚೆಗೆ ಸಂಪರ್ಕಿಸಿದವರ ಪಟ್ಟಿ ಕೇಳುವ ಆದೇಶ) ಉತ್ತರಿಸಿದರೆ ಗಂಭೀರ ದೋಷ: 600 ಕ್ಲೈಂಟ್‌ಗಳವರೆಗಿನ ವಿಳಾಸ ಹೊರಬೀಳುತ್ತದೆ, ಡಿಡಾಸ್ (ಸಂದೇಶಗಳ ಪ್ರವಾಹದಿಂದ ಸೇವೆ ಕುಸಿಯುವಂತೆ ಮಾಡುವ) ದಾಳಿಗೂ ಬಳಕೆಯಾಗುತ್ತದೆ. ಒಂದೇ ವಿನಂತಿ, ಸಾಕ್ಷಿಗೆ ಪ್ಯಾಕೆಟ್ ಕ್ಯಾಪ್ಚರ್ (ಹೋದ ಬಂದ ಸಂದೇಶಗಳ ದಾಖಲೆ), ಅಷ್ಟಕ್ಕೇ ನಿಲ್ಲಿಸಿ ಗ್ರಾಹಕರಿಗೆ ತಿಳಿಸಿ.