ಮೊದಲು ಮೌಂಟ್, ಆಕ್ಸಲ್ ಆಮೇಲೆ

ಶಿರಸಿ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜಿಗೆ ಎರಡು ಸಾಲಿನಲ್ಲಿ ಉತ್ತರ ಕೊಡೋಕೆ ಆಗಲ್ಲ ಮಾರಾಯಾ, ಅದಕ್ಕೇ ಈ ಪತ್ರ. ಹಳೇ ಮಾರುತಿ ಇಟ್ಟುಕೊಂಡವರು ಕಾರವಾರದಲ್ಲಿ ನೀನೊಬ್ಬನೇ ಅಲ್ಲವಲ್ಲ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ.

'ಮಾರುತಿ 800ಕ್ಕೆ ಎಸ್ಟೀಮ್ ಕಾರಿನ ಇಂಜಿನ್ ಕೂರಿಸ್ತೀನಿ, ಆಕ್ಸಲ್ ಕತ್ತರಿಸಿ ವೆಲ್ಡ್ ಮಾಡಿಸಿದ್ರೆ ಸಾಕಲ್ವಾ' ಅಂತ ಕೇಳಿದ್ದೀಯ. ಸಾಕಾಗಲ್ಲ. ಅಷ್ಟೇ ಅಲ್ಲ, ಆಕ್ಸಲ್, ಅಂದ್ರೆ ಗೇರ್‌ಬಾಕ್ಸಿನಿಂದ ಚಕ್ರ ತಿರುಗಿಸುವ ಶಾಫ್ಟ್, ಅದರ ಮಾತೇ ಈಗ ಬೇಡ. ಮೊದಲು ಮೌಂಟ್, ಅಂದ್ರೆ ಇಂಜಿನ್ನನ್ನು ಬಾಡಿಗೆ ಹಿಡಿದಿಡುವ ಬ್ರಾಕೆಟ್. ಇಂಜಿನ್ ಎಲ್ಲಿ ಕೂರುತ್ತದೆ ಅಂತ ಗೊತ್ತಿಲ್ಲದೆ ಶಾಫ್ಟಿನ ಉದ್ದ ಹೇಗೆ ಹೇಳೋದು?

ನಿನ್ನ 800ರದ್ದು 796 ಸಿಸಿಯ ಮೂರು ಸಿಲಿಂಡರ್. ಎಸ್ಟೀಮಿನದು 1298 ಸಿಸಿ, ನಾಲ್ಕು ಸಿಲಿಂಡರ್. ಉದ್ದವೂ ಜಾಸ್ತಿ, ತೂಕವೂ ಜಾಸ್ತಿ. ಇಂಜಿನ್, ಗೇರ್‌ಬಾಕ್ಸ್ ಎರಡನ್ನೂ ಒಟ್ಟಿಗೇ ಚೈನ್‌ಬ್ಲಾಕಿನಲ್ಲಿ ಇಳಿಸು. ಶಾಫ್ಟ್ ಹೊರಡುವ ಜಾಗ ಹಬ್ಬಿನ (ಚಕ್ರದ ನಡುಭಾಗದ) ನೇರಕ್ಕೆ ಆದಷ್ಟು ಹತ್ತಿರ ಬರಲಿ. ಮೊದಲು ರಟ್ಟಿನಲ್ಲಿ ಬ್ರಾಕೆಟ್ ಕತ್ತರಿಸಿ ಹಿಡಿದು ನೋಡು, ಆಮೇಲೆ 6 ಎಂಎಂ ಪ್ಲೇಟ್. ಕಾರಿನಲ್ಲಿ ಬರೀ ಟ್ಯಾಕ್, ಅಂದ್ರೆ ಅಲ್ಲಲ್ಲಿ ಚುಕ್ಕಿ ವೆಲ್ಡ್, ಹಾಕಿಸು. ಪೂರ್ತಿ ವೆಲ್ಡಿಂಗ್ ಹೊರಗೆ ತೆಗೆದ ಮೇಲೆ, ರಬ್ಬರ್ ಬುಶ್ ಬಿಚ್ಚಿಟ್ಟು. ಬಿಸಿಗೆ ಪ್ಲೇಟ್ ಸೊಟ್ಟಗಾಗುತ್ತದೆ, ಅದಕ್ಕೇ ದಪ್ಪ ಕಬ್ಬಿಣಕ್ಕೆ ಬೋಲ್ಟ್ ಬಿಗಿದು ವೆಲ್ಡ್ ಮಾಡಬೇಕು. ಇಲ್ಲದಿದ್ದರೆ ವಾಪಸ್ ಕೂರಿಸುವಾಗ ತೂತಿಗೆ ತೂತು ಸೇರಲ್ಲ.

ಇನ್ನೊಂದು, 800ಕ್ಕೆ ಬೇರೆ ಚಾಸಿ (ಕೆಳಗಿನ ಕಬ್ಬಿಣದ ಚೌಕಟ್ಟು) ಇಲ್ಲ, ಬಾಡಿಯೇ ಚಾಸಿ. ತೆಳು ಶೀಟಿಗೆ ಸಣ್ಣ ಬ್ರಾಕೆಟ್ ಅಂಟಿಸಿದರೆ ಸುತ್ತಲೂ ಬಿರುಕು ಬಿಡುತ್ತದೆ. ಬ್ರಾಕೆಟ್ಟಿನ ಕೆಳಗೆ ಅಗಲವಾದ ಪ್ಲೇಟ್ ಕೊಡು. ನಿಮ್ಮೂರಿನ ಉಪ್ಪುಗಾಳಿಗೆ ಶೀಟ್ ಒಳಗಿಂದಲೇ ತಿಂದುಹೋಗಿರುತ್ತದೆ, ಬಣ್ಣ ನೋಡಿ ನಂಬಬೇಡ, ಕೆರೆದು ನೋಡು.

ಈಗ ಆಕ್ಸಲ್. ಗೇರ್‌ಬಾಕ್ಸ್ ಕಡೆಯ ಒಳಗಿನ ಜಾಯಿಂಟ್ ಎಸ್ಟೀಮಿನದು, ಚಕ್ರದ ಕಡೆಯ ಹೊರಗಿನದು 800ರದ್ದು, ನಡುವಿನ ಶಾಫ್ಟ್ ಮಾತ್ರ ಹೊಸದು. ಕಂಪನಿ ಶಾಫ್ಟಿನ ಮೇಲ್ಮೈಗೆ ಗಟ್ಟಿಯಾಗುವಂತೆ ಹದ ಕೊಟ್ಟಿರುತ್ತಾರೆ. ವೆಲ್ಡಿಂಗ್ ಬಿಸಿಗೆ ಆ ಹದ ಹೋಗುತ್ತದೆ, ಪಕ್ಕದಲ್ಲಿ ಪೆಡಸಾಗುತ್ತದೆ. ಮೊದಲ ಗೇರಿನಲ್ಲಿ ಇಂಜಿನ್ನಿನ ತಿರುಚು ಬಲ ಹತ್ತು ಪಟ್ಟಿಗೂ ಮೀರಿ ಚಕ್ರಗಳಿಗೆ ಬರುತ್ತದೆ. ದೇವಿಮನೆ ಘಟ್ಟದ ಏರಿನಲ್ಲಿ ಒಂದು ಕಡೆಯದು ತುಂಡಾಯಿತು ಅಂತಿಟ್ಟುಕೋ. ಎರಡೂ ಚಕ್ರಕ್ಕೆ ಬಲ ಹಂಚುವ ಡಿಫರೆನ್ಶಿಯಲ್ ಆ ತುಂಡನ್ನೇ ಸುಮ್ನೆ ತಿರುಗಿಸುತ್ತದೆ, ಇನ್ನೊಂದು ಚಕ್ರಕ್ಕೂ ಎಳೆತ ಇಲ್ಲ. ಗೇರ್ ಹಾಕಿ ನಿಲ್ಲಿಸಿದರೂ ಕಾರು ಹಿಂದಕ್ಕೆ ಜಾರುತ್ತದೆ.

ಹಾಗಾಗಿ ಇಎನ್24 ಅನ್ನೋ ಗಟ್ಟಿ ಉಕ್ಕಿನ ರಾಡ್ ತಗೊಂಡು ಹುಬ್ಬಳ್ಳಿ ಗೋಕುಲ ರಸ್ತೆ ಕಡೆ ಹೋಗು. ಲೇತ್‌ನವರಿಗೆ ಶಾಫ್ಟ್ ತುದಿ ಜಾಯಿಂಟಿಗೆ ಕೂರುವ ಹಲ್ಲಿನ ಲೆಕ್ಕ ಫೋನಿನಲ್ಲಿ ಹೇಳಿದರೆ ಆಗಲ್ಲ, ಎರಡೂ ಜಾಯಿಂಟ್ ಕೈಗೇ ಕೊಡು. ಸರ್ಕ್ಲಿಪ್ (ಜಾಯಿಂಟ್ ಕಳಚದಂತೆ ಹಿಡಿಯುವ ಸ್ಪ್ರಿಂಗ್ ಬಳೆ) ಕೂರುವ ಕಚ್ಚಿನ ಮೂಲೆ ಚೂಪಾಗಿ ಬಿಡಬಾರದು ಅಂತಲೂ ಹೇಳು, ಬಿರುಕು ಶುರುವಾಗೋದೇ ಅಲ್ಲಿ.

ಉದ್ದ ಅಳೆಯೋದು ಮೌಂಟ್ ಬಿಗಿದು, ಕಾರು ಚಕ್ರದ ಮೇಲೆ ನಿಂತ ಮೇಲೆ. ಚಕ್ರ ಪೂರ್ತಿ ಕೆಳಗೆ ಜೋತಾಗ ಒಂದ್ಸಲ, ಜ್ಯಾಕಿನಲ್ಲಿ ಮೇಲಕ್ಕೆ ಒತ್ತಿ ಇನ್ನೊಂದ್ಸಲ ನೋಡು. ಒಳಗಿನ ಜಾಯಿಂಟ್ ತಳಕ್ಕೂ ತಾಗಬಾರದು, ಕಳಚಿಯೂ ಬರಬಾರದು. ಎಡ ಬಲ ಉದ್ದ ಬೇರೆ ಬೇರೆ, ಒಂದು ಅಳೆದು ಎರಡು ಮಾಡಿಸಬೇಡ.

ಇಂಜಿನ್ ಬದಲಿಸೋಕೆ ಆರ್‌ಟಿಒ ಒಪ್ಪಿಗೆ ಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ. ರಾಡ್ ಖರೀದಿಗೆ ಮುಂಚೆ ಅದನ್ನ ವಿಚಾರಿಸು. ಬ್ರೇಕಿನ ವಿಷಯ ಇನ್ನೊಂದು ಪತ್ರಕ್ಕಿರಲಿ, ಅದೂ ಸಣ್ಣದಲ್ಲ.

ನಿನ್ನವ