ಕಿರುಚಾಟ ಎನ್ನುವ ಮೊದಲು ಒಮ್ಮೆ ಕೇಳಿ

ಮಾನ್ಯ ಸಂಪಾದಕರೇ,

ಈಗಿನ ಹುಡುಗರು ಕೇಳುವ ಸಂಗೀತದ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಒಂದು ಲೇಖನ ಬಂದಿತ್ತು. ಮೆಟಲ್‌ಕೋರ್ (ಗಡಸು ಗಿಟಾರ್ ಬಾರಿಸುತ್ತಾ ಕೂಗಿ ಹಾಡುವ ಒಂದು ಬಗೆಯ ರಾಕ್ ಸಂಗೀತ) ಅಂದರೆ ಬರೀ ಕಿರುಚಾಟ, ರಾಗವೂ ಇಲ್ಲ, ಭಾವವೂ ಇಲ್ಲ ಎಂದು ಲೇಖಕರು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಒಂದಾದರೂ ಆಲ್ಬಂ ಹೆಸರು ಹೇಳಿಲ್ಲ. ನಾನು ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ವಯಸ್ಸು ಐವತ್ತು ದಾಟಿದೆ. ಮನೆಯಲ್ಲಿ ಕೇಳುವುದು ಪಿ.ಬಿ. ಶ್ರೀನಿವಾಸ್ ಹಾಡುಗಳನ್ನೇ. ಆದರೂ ಈ ಮಾತನ್ನು ಒಪ್ಪಲು ಆಗಲಿಲ್ಲ.

ಹೆಸರು ನಾನೇ ಹೇಳುತ್ತೇನೆ. ಇಂಗ್ಲೆಂಡಿನ ಬ್ರೈಟನ್ ಊರಿನ ‘ಆರ್ಕಿಟೆಕ್ಟ್ಸ್’ ತಂಡದ ‘ಹೋಲಿ ಹೆಲ್’ ಆಲ್ಬಂ. 2018ರ ನವೆಂಬರ್‌ನಲ್ಲಿ ಬಂದದ್ದು, 11 ಹಾಡುಗಳಿವೆ. ನಮ್ಮ ಅಂಗಡಿಯ ಹುಡುಗ ರಿಪೇರಿಯಾದ ಸ್ಪೀಕರ್ ಬಾಕ್ಸ್ ಟೆಸ್ಟ್ ಮಾಡಲು ಇದನ್ನೇ ಹಾಕುತ್ತಾನೆ. ಮೊದಲ ಹಾಡು ಪಿಟೀಲಿನ ದನಿಯಿಂದ ಶುರುವಾಗುತ್ತದೆ. ಆಮೇಲೆ ತಂತಿ ಸಡಿಲಿಸಿ ತೀರಾ ಕೆಳಗಿನ ಶ್ರುತಿಗೆ ಇಳಿಸಿದ ಗಿಟಾರ್ ಬಂದು ಗುದ್ದುತ್ತದೆ. ಬಾಕ್ಸಿನೊಳಗೆ ಅದುರಿ ದನಿ ಕೊಡುವ ಕೋನ್ ಹರಿದಿದ್ದರೆ ಅಲ್ಲೇ ‘ಜರ್ರ್’ ಎನ್ನುತ್ತದೆ. ಬಾಕ್ಸ್ ಚೆನ್ನಾಗಿದ್ದರೆ ಕಾಲಲ್ಲಿ ಬಾರಿಸುವ ಡ್ರಮ್ಮು ಬೇರೆ, ಬೇಸ್ ಗಿಟಾರ್ ಬೇರೆ, ಮೇಲೆ ಪಿಟೀಲು ಬೇರೆ, ಎಲ್ಲ ಬಿಡಿಬಿಡಿಯಾಗಿ ಕೇಳುತ್ತವೆ. ಸುಮ್ನೆ ಗಲಾಟೆಯಾಗಿದ್ದರೆ ಹೀಗೆ ಕೇಳುತ್ತಿತ್ತಾ? ಫೋನಿನ ಸಣ್ಣ ಸ್ಪೀಕರಿನಲ್ಲಿ ಎಲ್ಲವೂ ಕಲಸಿಹೋಗುತ್ತದೆ, ನಿಜ. ಅದು ಸ್ಪೀಕರಿನ ತಪ್ಪು.

ಇನ್ನು ಭಾವದ ಮಾತು. ಈ ತಂಡದಲ್ಲಿ ಟಾಮ್ ಸರ್ಲ್, ಡ್ಯಾನ್ ಸರ್ಲ್ ಎಂಬ ಅವಳಿ ಜವಳಿ ಇದ್ದರು. ಟಾಮ್ ಗಿಟಾರ್, ಡ್ಯಾನ್ ಡ್ರಮ್ಸ್. ಹಾಡು ಕಟ್ಟುವುದರಲ್ಲಿ ಟಾಮ್‌ನದೇ ಮೇಲುಗೈ. ಅವನಿಗೆ ಚರ್ಮದ ಕ್ಯಾನ್ಸರ್ ಬಂತು. ಕಾಯಿಲೆ ಇಟ್ಟುಕೊಂಡೇ ಊರೂರು ತಿರುಗಿ ಬಾರಿಸಿದ. 2016ರ ಮೇ ತಿಂಗಳಲ್ಲಿ ಹಿಂದಿನ ಆಲ್ಬಂ ಬಂತು, ಆಗಸ್ಟ್‌ನಲ್ಲಿ ಅವನು ತೀರಿಹೋದ. ಆಗ 28 ವರ್ಷ. ಅವನು ಅರ್ಧಕ್ಕೆ ಬಿಟ್ಟುಹೋಗಿದ್ದ ಒಂದು ಹಾಡನ್ನು ಉಳಿದವರು ಪೂರ್ತಿ ಮಾಡಿ 2017ರ ಸೆಪ್ಟೆಂಬರ್‌ನಲ್ಲಿ ಹೊರಗೆ ಬಿಟ್ಟರು. ಅದೇ ‘ಡೂಮ್ಸ್‌ಡೇ’. ಮುಂದೆ ‘ಹೋಲಿ ಹೆಲ್’ ಆಲ್ಬಮ್ಮಿನ ಸಾಹಿತ್ಯವನ್ನು ಡ್ಯಾನ್ ಬರೆದ. ಗಿಟಾರಿಗೆ ‘ಸೈಲೋಸಿಸ್’ ತಂಡದ ಜೋಶ್ ಮಿಡಲ್ಟನ್ ಬಂದರು.

ಅಂದರೆ ಜೊತೆಯಲ್ಲೇ ಹುಟ್ಟಿದವನ ಸಾವಿನ ಮೇಲೆ ಬರೆದ ಹಾಡುಗಳಿವು. ಸಾವಿನ ಮನೆಗೆ ರಾತ್ರಿ ಭಜನೆಗೆ ಎಂದು ನಾನು ಎಷ್ಟೋ ಸಲ ಮೈಕ್ ಒಯ್ದಿದ್ದೇನೆ. ಅಲ್ಲಿ ಹೆಣದ ಮುಂದೆ ಕೂತು, ಹೋದವರ ಗುಣ ಎತ್ತಿ ಎತ್ತಿ ಹಾಡಿಕೊಂಡು ಅಳುವ ಹೆಂಗಸರ ದನಿ ನಮ್ಮ ಮೈಕನ್ನೂ ಮೀರಿಸುತ್ತದೆ. ಅದನ್ನು ಯಾರೂ ಕಿರುಚಾಟ ಅನ್ನುವುದಿಲ್ಲ, ಅಲ್ವಾ? ಇಲ್ಲಿ ಸ್ಯಾಮ್ ಕಾರ್ಟರ್ ಎಂಬ ಗಾಯಕ ಮಾಡುವುದೂ ಅದನ್ನೇ. ಕೂಗುತ್ತಾ ಕೂಗುತ್ತಾ ಪಲ್ಲವಿಗೆ ಬಂದಾಗ ಅದೇ ಬಾಯಲ್ಲಿ ರಾಗವಾಗಿ ಹಾಡುತ್ತಾನೆ. ಇದಕ್ಕೆ ಅಭ್ಯಾಸ ಬೇಕು. ಸುಮ್ನೆ ಗಂಟಲು ಹರಿದುಕೊಂಡರೆ ನಾಲ್ಕು ದಿನ ಮಾತೇ ಹೊರಡುವುದಿಲ್ಲ.

ಹಾಗಂತ ಎಲ್ಲವೂ ನನಗೆ ಹಿಡಿಸಿದೆ ಎಂದಲ್ಲ. ನಡುವಿನ ಒಂದೆರಡು ಹಾಡು ಒಂದೇ ಅಚ್ಚಿನವು. ‘ದ ಸೆವೆಂತ್ ಸರ್ಕಲ್’ ಎಂಬ ಚಿಕ್ಕ ಹಾಡಿನಲ್ಲಿ ಶುರುವಿನಿಂದ ಕೊನೆವರೆಗೂ ಕೂಗೇ ಕೂಗು. ಲೇಖಕರು ಕೇಳಿದ್ದು ಇದೊಂದನ್ನೇ ಆಗಿದ್ದರೆ ಅವರ ಮೇಲೆ ನನಗೆ ಸಿಟ್ಟಿಲ್ಲ.

ಕಿವಿ ಹಾಳಾಗುತ್ತದೆ ಎಂದೂ ಬರೆದಿದ್ದಾರೆ. ಸ್ವಾಮಿ, ವಾಲ್ಯೂಮ್ ಜಾಸ್ತಿ ಇಟ್ಟರೆ ಸುಪ್ರಭಾತದಿಂದಲೂ ಕಿವಿ ಹಾಳಾಗುತ್ತದೆ. ಮೈಕ್‌ಸೆಟ್‌ನವನ ಮಾತು ಇದು, ನಂಬಿ.

ನನ್ನ ಕೋರಿಕೆ ಇಷ್ಟೇ. ಸಿನಿಮಾ ಹಾಡಿನ ಬಗ್ಗೆ ಅರ್ಧ ಪುಟ ಕೊಡುತ್ತೀರಿ, ಕೊಡಿ. ತಿಂಗಳಿಗೊಮ್ಮೆ ಇಂಥ ಒಂದು ಆಲ್ಬಮ್ಮಿಗೂ ನಾಲ್ಕು ಪ್ಯಾರಾ ಜಾಗ ಕೊಡಿ, ಅದನ್ನು ಕೇಳುವ ಹುಡುಗ ಹುಡುಗಿಯರಿಂದಲೇ ಬರೆಸಿ. ಆ ಲೇಖಕರು ಈ ಕಡೆ ಬಂದರೆ ನಮ್ಮ ಅಂಗಡಿಗೆ ಬರಲಿ. ಹದಿನೈದು ಇಂಚಿನ ಬಾಕ್ಸಿನಲ್ಲಿ ಪೂರ್ತಿ ಆಲ್ಬಂ ಕೇಳಿಸುತ್ತೇನೆ, ಬಾಡಿಗೆ ಕೇಳುವುದಿಲ್ಲ.

– ಮೈಕ್‌ಸೆಟ್ ಅಂಗಡಿಯವ, ತಿಪಟೂರು