ಗುಳೆಗೆ ಮುಂಚಿನ ನಾಲ್ಕು ವಾರ: ಹೆಣ್ಣುಮಕ್ಕಳ ಆರೋಗ್ಯ ಸೇವೆಗಾಗಿ ಮನವಿ

ಗೆ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯತ್, ಯಾದಗಿರಿ.

ಪ್ರತಿ: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು, ಯಾದಗಿರಿ.

ದಿನಾಂಕ: 8 ಸೆಪ್ಟೆಂಬರ್ 2025

ವಿಷಯ: ಗುಳೆ ಹೋಗುವ ಬಸುರಿಯರು, ಬಾಣಂತಿಯರು ಮತ್ತು ಹದಿಹರೆಯದ ಹುಡುಗಿಯರಿಗೆ ಊರು ಬಿಡುವ ಮೊದಲೇ ತಪಾಸಣೆ, ಗುಳಿಗೆ ಮತ್ತು ಗರ್ಭನಿರೋಧಕ ಸೇವೆ ಒದಗಿಸುವ ಕುರಿತು.

ಮಾನ್ಯರೇ,

ವಡಗೇರಾ ತಾಲ್ಲೂಕಿನ ಹಳ್ಳಿಗಳಿಂದ ದೀಪಾವಳಿ ದಾಟಿದ ಕೂಡಲೇ ಕೆಲವು ಕುಟುಂಬಗಳು, ತೊಗರಿ ರಾಶಿ ಮುಗಿಸಿಕೊಂಡು ಇನ್ನು ಕೆಲವು, ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಯುಗಾದಿಗೋ ಜಾತ್ರೆಗೋ ಒಮ್ಮೆ ಬಂದರೆ ಬಂದರು, ಇಲ್ಲದಿದ್ದರೆ ಕಾರಹುಣ್ಣಿಮೆ ಹೊತ್ತಿಗೆ ಬಿತ್ತನೆಗೇ ವಾಪಸ್. ಆದರೆ ಆರೋಗ್ಯ ಸೇವೆಯ ವೇಳಾಪಟ್ಟಿ ಹೆಣ್ಣುಮಗಳು ವರ್ಷವಿಡೀ ಊರಲ್ಲೇ ಇರುತ್ತಾಳೆಂದು ನಂಬಿಕೊಂಡಿದೆ. ಗುಳೆ ನಿಲ್ಲಿಸಿ ಎಂದು ಈ ಪತ್ರ ಕೇಳುತ್ತಿಲ್ಲ. ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡವರು ನಿಲ್ಲುವುದೂ ಇಲ್ಲ. ಹೊರಡುವ ಮುಂಚಿನ ನಾಲ್ಕು ವಾರದಲ್ಲಿ ಕೊಡಬೇಕಾದದ್ದನ್ನು ಕೊಟ್ಟು ಕಳಿಸಿ ಎಂಬುದಷ್ಟೇ ನಮ್ಮ ಬೇಡಿಕೆ.

ಮೊದಲು ಬಸುರಿಯರ ವಿಷಯ. ಕನಿಷ್ಠ ನಾಲ್ಕು ತಪಾಸಣೆ ಆಗಬೇಕು: 12 ವಾರದೊಳಗೆ, 14ರಿಂದ 26 ವಾರದ ನಡುವೆ, 28ರಿಂದ 34ರ ನಡುವೆ, 36ರ ನಂತರ. ಮೂರನೇ ತಿಂಗಳಲ್ಲಿ ಊರು ಬಿಟ್ಟವಳಿಗೆ ಸಿಗುವುದು ಮೊದಲನೆಯದೊಂದೇ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ನುಂಗಬೇಕಾದ ಕಬ್ಬಿಣಾಂಶದ ಕೆಂಪು ಗುಳಿಗೆಯನ್ನು ತಿಂಗಳಿಗೆ 30ರಂತೆ ಹಂಚಿದರೆ ಅವಳ ಚೀಲ ಎರಡನೇ ತಿಂಗಳಿಗೇ ಖಾಲಿ. ಗುಳೆ ಹೋಗುವವರಿಗೆ 180ನ್ನೂ ಒಮ್ಮೆಗೇ ಕೊಡಬೇಕು. ಹಿಮೋಗ್ಲೋಬಿನ್ 7ರಿಂದ 10.9ರ ನಡುವೆ ಇದ್ದರೆ ದಿನಕ್ಕೆ ಎರಡು ಗುಳಿಗೆ, ಜತೆಗೆ ತಿಂಗಳಿಗೊಮ್ಮೆ ಮರುಪರೀಕ್ಷೆ ಎಂಬುದು ನಿಯಮ. ಕಟ್ಟಡದ ಶೆಡ್ಡಿನಲ್ಲಿ ಆ ಮರುಪರೀಕ್ಷೆ ನಡೆಯುವುದಿಲ್ಲ. ಗುಳಿಗೆ ನಿಯಮಿತವಾಗಿ ನುಂಗಲು ಆಗದವರಿಗೆ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡಲು ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮವೇ ಅವಕಾಶ ಕೊಟ್ಟಿದೆ. ಮೂರು ತಿಂಗಳು ತುಂಬಿದ, ರಕ್ತಹೀನತೆ ಇರುವ ಬಸುರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರ ಎದುರೇ ಇದನ್ನು ಕೊಟ್ಟು ಕಳಿಸುವುದು ಸಾಧ್ಯ. 7ಕ್ಕಿಂತ ಕಡಿಮೆ ಇದ್ದವಳನ್ನು ಮಾತ್ರ ಪ್ರಯಾಣಕ್ಕೆ ಬಿಡದೆ ಆಸ್ಪತ್ರೆಗೇ ಸೇರಿಸಬೇಕು.

ಪರೀಕ್ಷೆಯ ಬಗ್ಗೆ ಒಂದು ಮಾತು. ಹಿಮೋಗ್ಲೋಬಿನ್ ನೋಡುವ ಪರೀಕ್ಷಾ ಪಟ್ಟಿ (ಸ್ಟ್ರಿಪ್) ಮುಗಿದ ದಿನ ಕಣ್ಣಿನ ರೆಪ್ಪೆ ಎಳೆದು ನೋಡಿ ಅಂಕಿ ಬರೆಯುವುದು ಪರೀಕ್ಷೆಯಲ್ಲ. ಪಟ್ಟಿ ಇದ್ದಾಗಲೂ ಬೆರಳು ಹಿಂಡಿ ರಕ್ತ ತೆಗೆದರೆ ನೀರಿನಂಶ ಬೆರೆತು ಅಂಕಿ ಕಡಿಮೆ ತೋರುತ್ತದೆ; ಮೊದಲ ಹನಿ ಒರೆಸಿ, ತಾನಾಗಿ ಬರುವ ಮುಂದಿನ ಹನಿ ತೆಗೆದುಕೊಳ್ಳಬೇಕು. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವಕ್ಕೆ ಪಟ್ಟಿ ಕೆಡುತ್ತವೆ. ಗುಳಿಗೆ ಕೊಡುವಾಗಲೂ ಚಹಾದ ಜತೆ ಬೇಡ, ಕ್ಯಾಲ್ಸಿಯಂ ಗುಳಿಗೆಗೂ ಇದಕ್ಕೂ ಎರಡು ತಾಸು ಅಂತರವಿರಲಿ, ಮಲ ಕಪ್ಪಾದರೆ ಹೆದರಬೇಡಿ ಎಂದು ಹೇಳಿಯೇ ಕೊಡಬೇಕು. ಹೇಳದೆ ಕೊಟ್ಟ ಗುಳಿಗೆ ಗೋಡೆಯ ಗೂಡಿನಲ್ಲೇ ಉಳಿಯುತ್ತದೆ.

ಬಸಿರು ನಿಲ್ಲದಂತೆ ಹಾಕುವ 'ಅಂತರ' ಎಂಬ ಸೂಜಿಯಲ್ಲಿ ಆಗುವ ತಪ್ಪು ದಿನಗಳ ಲೆಕ್ಕದ್ದು. ಮೂರು ತಿಂಗಳಿಗೊಮ್ಮೆ ಹಾಕಿಸಬೇಕಾದ ಇದನ್ನು ಎರಡು ವಾರ ಮೊದಲು ಅಥವಾ ನಾಲ್ಕು ವಾರ ತಡವಾಗಿಯೂ ಹಾಕಬಹುದು. ನವೆಂಬರ್ 10ಕ್ಕೆ ಹಾಕಿಸಿಕೊಂಡು ಹೋದವಳಿಗೆ ಕೊನೆಯ ಗಡುವು ಮಾರ್ಚ್ 10. 2026ರ ಯುಗಾದಿ ಮಾರ್ಚ್ 19. ಒಂಬತ್ತು ದಿನದಲ್ಲಿ ಗಡುವು ತಪ್ಪಿತು. ಗಡುವು ದಾಟಿದರೆ ಬಸಿರಿಲ್ಲವೆಂದು ಖಚಿತಪಡಿಸಿಕೊಂಡೇ ಹಾಕಬೇಕು, ಮುಂದಿನ ಏಳು ದಿನ ನಿರೋಧ್ ಬಳಸಬೇಕು. ಆದ್ದರಿಂದ ಅಂತರ ಕಾರ್ಡನ್ನು ಅವಳ ಕೈಯಲ್ಲೇ ಕೊಡಿ, ಗಡುವಿನ ಎರಡೂ ದಿನಾಂಕಗಳನ್ನು ಅದರ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಉಪಕೇಂದ್ರದ ಬೀರುವಿನಲ್ಲಿರುವ ಕಾರ್ಡು ಪುಣೆಯಲ್ಲಿ ಯಾರಿಗೂ ಉಪಯೋಗವಿಲ್ಲ. ಮುಟ್ಟು ಏರುಪೇರಾಗುವುದು, ಕ್ರಮೇಣ ನಿಂತೇ ಹೋಗುವುದು ಸಹಜ, ಸೂಜಿ ಬಿಟ್ಟ ಮೇಲೆ ಮತ್ತೆ ಬಸಿರು ನಿಲ್ಲಲು ಕೆಲವು ತಿಂಗಳು ತಡವಾಗುತ್ತದೆ ಎಂಬುದನ್ನೂ ಮೊದಲೇ ತಿಳಿಸಬೇಕು. ಸೂಜಿ ಬೇಡವೆಂದವರಿಗೆ ಛಾಯಾ ಗುಳಿಗೆ ಇದೆ: ಮೊದಲ ಮೂರು ತಿಂಗಳು ವಾರಕ್ಕೆರಡು, ನಂತರ ವಾರಕ್ಕೊಂದು, ಆರು ತಿಂಗಳಿಗೆ 39. ಹೊಸದಾಗಿ ಶುರುಮಾಡುವವರಿಗೆ ಅಷ್ಟನ್ನೂ ಎಣಿಸಿ ಕೊಡಿ. ಹೆರಿಗೆಯಾಗಿ 48 ತಾಸಿನೊಳಗೆ ಕಾಪರ್-ಟಿ ಹಾಕಿಸಿಕೊಳ್ಳಲು ಒಪ್ಪಿದ ಬಾಣಂತಿಗೆ ಈ ಎಣಿಕೆಯ ಗೋಜೇ ಇಲ್ಲ.

ಗಂಡ ಮೊದಲೇ ಹೋಗಿರುವ ಮನೆಗಳಲ್ಲಿ ಇನ್ನೊಂದು ತೊಡಕು: "ಗಂಡನ ಸಹಿ ತನ್ನಿ" ಎಂಬ ಮಾತು. ಸೂಜಿಗಾಗಲಿ ಕಾಪರ್-ಟಿಗಾಗಲಿ ಗಂಡನ ಒಪ್ಪಿಗೆ ಬೇಕಿಲ್ಲ. ಗರ್ಭಪಾತಕ್ಕೂ 18 ತುಂಬಿದ ಹೆಣ್ಣುಮಗಳ ಸ್ವಂತ ಒಪ್ಪಿಗೆಯೊಂದೇ ಸಾಕು. 1971ರ ಕಾಯ್ದೆಯನ್ನು 2021ರಲ್ಲಿ ತಿದ್ದಿದ ಮೇಲೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅಪ್ರಾಪ್ತರೂ ಸೇರಿದಂತೆ ಕೆಲವು ವರ್ಗದವರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರದವರೆಗೂ ಅವಕಾಶವಿದೆ. ಅಪ್ರಾಪ್ತಳಾದರೆ ಪಾಲಕರ ಒಪ್ಪಿಗೆ ಬೇಕು. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಅಡಿ ಪೊಲೀಸರಿಗೆ ಹೋಗುವ ವರದಿಗೆ ಹೆದರಿ ಇಂಥ ಹುಡುಗಿಯರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಹುಡುಗಿ ಮತ್ತು ಪಾಲಕರು ಕೋರಿದರೆ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಬರೆಯಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ. ಈ ಸಾಲುಗಳು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲಿ ಇರಬೇಕು. ಇಲ್ಲದಿದ್ದರೆ ಗರ್ಭಪಾತದ ಗುಳಿಗೆಗಾಗಿ ಜನ ಹೋಗುವುದು ಮೆಡಿಕಲ್ ಅಂಗಡಿಗೆ. ಅಲ್ಲಿ ಎಷ್ಟು ವಾರವೆಂದು ಕೇಳುವವರಿಲ್ಲ, ಬಸಿರು ಗರ್ಭನಾಳದಲ್ಲಿ ನಿಂತಿದೆಯೇ ಎಂದು ನೋಡುವವರಿಲ್ಲ. ಗುಳಿಗೆ ನುಂಗಿದ ಮೇಲೆ ರಕ್ತಸ್ರಾವದಿಂದ ತಾಸಿಗೆ ಎರಡು ಪ್ಯಾಡ್‌ನಂತೆ ಸತತ ಎರಡು ತಾಸು ನೆನೆದರೆ ಕೂಡಲೇ 108ಕ್ಕೆ ಕರೆ ಮಾಡಬೇಕೆಂಬುದೂ ಅವಳಿಗೆ ಗೊತ್ತಿರುವುದಿಲ್ಲ.

ಹದಿಹರೆಯದವರ ಸ್ಥಿತಿ ಇನ್ನೂ ಬಿಡಿಬಿಡಿ. ವಾರಕ್ಕೊಂದು ಕಬ್ಬಿಣಾಂಶದ ನೀಲಿ ಗುಳಿಗೆ ಶಾಲೆಯಲ್ಲಿ ಸಿಗುತ್ತದೆ. ತಮ್ಮಂದಿರನ್ನು ನೋಡಿಕೊಳ್ಳಲು ತಾಯಿಯ ಜತೆ ಹೋದ ಹುಡುಗಿಗೆ ಅದು ತಪ್ಪುತ್ತದೆ. ಫೆಬ್ರುವರಿಯ ಜಂತುಹುಳು ಗುಳಿಗೆಯೂ ಅವಳು ಊರಲ್ಲಿಲ್ಲದಾಗಲೇ ಬರುತ್ತದೆ. ಆರು ತಿಂಗಳ 26 ನೀಲಿ ಗುಳಿಗೆ, ಶುಚಿ ಯೋಜನೆಯ ಪ್ಯಾಡ್‌ಗಳನ್ನು ಅಂಗನವಾಡಿಯಿಂದ ಒಮ್ಮೆಗೇ ಕೊಡಿಸಿ. ಊಟದ ಮೇಲೆ ನುಂಗಲು ತಾಯಿಗೂ ಹೇಳಿ, ಹಸಿದ ಹೊಟ್ಟೆಗೆ ವಾಕರಿಕೆ ಬಂದರೆ ಮರುವಾರವೇ ಬಿಡುತ್ತಾರೆ. ಅಜ್ಜಿಯ ಹತ್ತಿರ ಉಳಿದ ಹುಡುಗಿಯರಿಗೆ ಹದಿಹರೆಯದವರ ಸಮಾಲೋಚನೆಯ ಸ್ನೇಹ ಕ್ಲಿನಿಕ್‌ನ ವಾರ ಮತ್ತು ವೇಳೆಯನ್ನು ಡಂಗುರ ಸಾರಿಸದೆ ಆಶಾ ಕಾರ್ಯಕರ್ತೆಯರ ಮೂಲಕ ತಿಳಿಸಿ. ಸಮಾಲೋಚನೆ ನಡೆಯುವ ಕಡೆ ಬಾಗಿಲು ಮುಚ್ಚುವ ಒಂದು ಕೋಣೆ, ಅದಿಲ್ಲದಿದ್ದರೆ ದಪ್ಪ ಪರದೆಯಾದರೂ ಇರಲಿ. ಅದಕ್ಕೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ವಾರ್ಷಿಕ ₹10,000 ಮುಕ್ತನಿಧಿಯೇ ಸಾಲುತ್ತದೆ.

ಇದಕ್ಕೆ ಹೊಸ ಯೋಜನೆ ಬೇಕಿಲ್ಲ. ಗ್ರಾಮ ಪಂಚಾಯತಿಗಳು ಸೆಪ್ಟೆಂಬರ್‌ನಲ್ಲೇ ಆಶಾ ಕಾರ್ಯಕರ್ತೆಯರಿಂದ ಮನೆವಾರು ಗುಳೆ ಪಟ್ಟಿ ಮಾಡಿಸಲಿ: ಹೊರಡುವ ವಾರ, ಹೋಗುವ ಊರು, ಬಸುರಿಯಾದರೆ ಎಷ್ಟನೇ ವಾರ, ಬಳಸುವ ಗರ್ಭನಿರೋಧಕ. ಪಟ್ಟಿ ಸಿಸ್ಟರ್ ಹತ್ತಿರ ಮಾತ್ರ ಇರಲಿ, ಪಂಚಾಯತಿಯ ಫಲಕಕ್ಕೆ ಏರದಿರಲಿ. ಪ್ರತಿ ತಿಂಗಳ 9ರಂದು ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದ ದಿನವನ್ನು ಅಕ್ಟೋಬರ್‌ನಲ್ಲಿ ಗುಳೆ ಹೋಗುವವರಿಗೇ ಮೀಸಲಿಡಿ. ತೊಗರಿ ರಾಶಿಯ ನಂತರ ಹೊರಡುವವರಿಗಾಗಿ ಡಿಸೆಂಬರ್ 9ರಂದು ಮತ್ತೊಮ್ಮೆ. ತಾಯಿ ಕಾರ್ಡಿನ ಆರ್‌ಸಿಎಚ್ ಸಂಖ್ಯೆ (ತಾಯಿ-ಮಗುವಿನ ಆರೋಗ್ಯ ದಾಖಲೆಯ ಗುರುತು ಸಂಖ್ಯೆ) ಅಳಿಸಿಹೋಗಿದ್ದರೆ ಅಂದೇ ಮತ್ತೆ ಬರೆದುಕೊಡಿ.

ಗುಳಿಗೆ, ಪರೀಕ್ಷಾ ಪಟ್ಟಿ, ಸೂಜಿಯ ಬೇಡಿಕೆ ಪತ್ರ ಜಿಲ್ಲಾ ಉಗ್ರಾಣಕ್ಕೆ ಸೆಪ್ಟೆಂಬರ್ ಕೊನೆಗೆ ತಲುಪಿದರೆ ಮಾತ್ರ ಅಕ್ಟೋಬರ್ 9ಕ್ಕೆ ದಾಸ್ತಾನು ಇರುತ್ತದೆ. ಆದ್ದರಿಂದ ಸುತ್ತೋಲೆಯನ್ನು ಈ ತಿಂಗಳ 20ರೊಳಗೆ ಹೊರಡಿಸಬೇಕೆಂದು ವಿನಂತಿ.

ತಮ್ಮ ವಿಶ್ವಾಸಿಗಳು,
ವಡಗೇರಾ ತಾಲ್ಲೂಕಿನ ಸ್ವಸಹಾಯ ಸಂಘಗಳ ಸದಸ್ಯೆಯರು, ನಿವೃತ್ತ ಆರೋಗ್ಯ ಸಹಾಯಕಿಯರು ಮತ್ತು ನಿವಾಸಿಗಳು

ಲಗತ್ತು: ಗುಳೆ ಪಟ್ಟಿಯ ಮಾದರಿ ನಮೂನೆ, ಸಹಿ ಹಾಳೆಗಳು